ಕುತ್ತಿಗೆ ಬಿಗಿ ಮಾಡುವ ಕ್ರೀಮು: ಮೂರು ತಿಂಗಳು ಹಚ್ಚಿದ ಮೇಲೆ

ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು ಈ ಕ್ರೀಮು ತಂದಿದ್ದೆ. ಹೆಸರು ಬೇಡ. ನನಗೀಗ 57. ಅಕ್ಕನ ಮಗಳ ಮದುವೆ ಫೋಟೋದಲ್ಲಿ ಗದ್ದದ ಕೆಳಗೆ ಚರ್ಮ ಜೋತು ಬಿದ್ದದ್ದು ನೋಡಿ ತುಂಬ ಬೇಜಾರಾಗಿತ್ತು, ಅದಕ್ಕೇ ಮೂರು ತಿಂಗಳು ಒಂದು ರಾತ್ರಿಯೂ ಬಿಡದೆ ಹಚ್ಚಿದೆ. ಚರ್ಮ ಮೆತ್ತಗಾಯಿತು, ಒಣಗುವುದು ನಿಂತಿತು, ಅದು ನಿಜ. ಜೋತಿದ್ದು ಮಾತ್ರ ಹಾಗೇ ಇದೆ. ಹತ್ತೇ ದಿನದಲ್ಲಿ ಬಿಗಿ ಅಂತ ಡಬ್ಬಿ ಮೇಲೆ ಬರೆಯುವುದು ತಪ್ಪು ಅಲ್ವಾ?

ಆಮೇಲೆ ಸರಸ್ವತಿಪುರಂನಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಸಮಾಧಾನವಾಗಿ ಬಿಡಿಸಿ ಹೇಳಿದರು. ವಯಸ್ಸಾದಂತೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್, ಎಲಾಸ್ಟಿನ್ ಅನ್ನುವ ಪ್ರೋಟೀನ್‌ಗಳು ಕಡಿಮೆಯಾಗುತ್ತವೆ, ಕುತ್ತಿಗೆಯ ಪ್ಲಾಟಿಸ್ಮಾ ಅನ್ನುವ ತೆಳು ಸ್ನಾಯುವೂ ಸಡಿಲವಾಗುತ್ತದೆ, ಅಷ್ಟು ಒಳಗಿನದನ್ನು ಮೇಲೆ ಹಚ್ಚಿದ ಕ್ರೀಮು ಎತ್ತಿ ಹಿಡಿಯಲಾರದು. ಕ್ರೀಮಿನಲ್ಲಿ ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಇದ್ದರೆ ಸಣ್ಣ ಗೆರೆ ಸ್ವಲ್ಪ ತಗ್ಗಬಹುದು, ಆದರೆ ಕುತ್ತಿಗೆಯ ಚರ್ಮ ತೆಳು, ಉರಿ ಬರಬಹುದು, ವಾರಕ್ಕೆ ಎರಡು ಸಲದಿಂದ ಶುರು ಮಾಡಬೇಕು. ಅಲ್ಟ್ರಾಸೌಂಡ್ ಚಿಕಿತ್ಸೆಯಿಂದ ಸ್ವಲ್ಪ ಬಿಗಿಯಾಗಬಹುದು, ಜಾಸ್ತಿ ಜೋತಿದ್ದರೆ ಆಪರೇಷನ್ನೇ.

ನನಗೆ ಅದು ಬೇಡ ಅನ್ನಿಸಿತು. ನಮ್ಮಜ್ಜಿಯ ಕುತ್ತಿಗೆಯೂ ಹೀಗೇ ಇತ್ತು, ಚಿಕ್ಕವಳಿದ್ದಾಗ ಅದರ ಮೆತ್ತನೆ ಮಡಿಕೆ ಮುಟ್ಟುತ್ತಲೇ ನಿದ್ದೆ ಹೋಗುತ್ತಿದ್ದೆ.

ಈಗ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೊರಡುವ ಮುಂಚೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಕುತ್ತಿಗೆಗೂ ಹಚ್ಚುತ್ತೇನೆ. ಈ ಕ್ರೀಮು ಮತ್ತೆ ಕೊಳ್ಳುವುದಿಲ್ಲ. ಒಣಗದಿರಲಿ ಅಂದರೆ ಮೆಡಿಕಲ್ ಶಾಪಿನ ಸಾದಾ ಮಾಯಿಶ್ಚರೈಸರ್ ಸಾಕು.