ಮನೆ ರಿಪೇರಿಗೆ ಸಾಲ ಮಾಡ್ತಿದ್ದೀರಾ? ಕಾಂಟ್ರಾಕ್ಟರ್ ವಿಷಯದಲ್ಲಿ ಹುಷಾರು

ಬಚ್ಚಲುಮನೆ, ಅಡುಗೆಮನೆ ಎರಡನ್ನೂ ಒಡೆದು ಹೊಸದಾಗಿ ಮಾಡಿಸಲು ಸಾಲ ತಗೊಂಡೆವು. ಕೆಲಸ ಅರ್ಧಕ್ಕೆ ನಿಂತಿದೆ. ಕಾಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಇಎಂಐ ಮಾತ್ರ ತಿಂಗಳು ತಿಂಗಳು ಹೋಗುತ್ತಿದೆ. ಬೇರೆ ಯಾರಿಗೂ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಕಾಂಟ್ರಾಕ್ಟರನ್ನು ಕರೆತಂದವನು ಸಾಲ ಮಾಡಿಸಿಕೊಟ್ಟ ಏಜೆಂಟ್. "ಬ್ಯಾಂಕಿನವರಿಗೆ ಗೊತ್ತಿರೋ ಜನ ಸಾರ್, ತಲೆ ಕೆಡಿಸ್ಕೋಬೇಡಿ" ಎಂದ. ಬಂದ ಎಸ್ಟಿಮೇಟ್ ಒಂದೇ ಹಾಳೆ. "ಬಚ್ಚಲುಮನೆ ಕೆಲಸ, ಪೂರ್ತಿ" ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ. ಯಾವ ಪೈಪು, ಯಾವ ಟೈಲ್ಸು, ವಾಟರ್‌ಪ್ರೂಫಿಂಗ್ ಎಷ್ಟು ಕೋಟು, ಒಡೆದ ಕಲ್ಲುಮಣ್ಣು ಯಾರು ಸಾಗಿಸಬೇಕು, ಒಂದೂ ಇಲ್ಲ. ಇಂಥ ಹಾಳೆ ಕೈಗೆ ಬಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.

ಇಂಥ ಸಾಲದ ಹಣ ಸಾಮಾನ್ಯವಾಗಿ ಒಟ್ಟಿಗೆ ಬರುವುದಿಲ್ಲ. ಕೆಲಸ ಎಷ್ಟಾಗಿದೆ ನೋಡಿಕೊಂಡು ಹಂತಹಂತವಾಗಿ ಬಿಡುತ್ತಾರೆ. ಬ್ಯಾಂಕಿನ ಎಂಜಿನಿಯರ್ ಬರುವ ಹಿಂದಿನ ದಿನ ನಮ್ಮ ಕಾಂಟ್ರಾಕ್ಟರ್ ತರಾತುರಿಯಲ್ಲಿ ಬಚ್ಚಲುಮನೆಗೆ ಟೈಲ್ಸ್ ಕೂರಿಸಿದ. ಎಂಜಿನಿಯರ್ ಫೋಟೋ ತೆಗೆದುಕೊಂಡು ಹೋದರು. ಹಣ ಬಂತು, ಅಷ್ಟನ್ನೂ ಅವನು ಎತ್ತಿಕೊಂಡ. ಆಮೇಲೆ ಪತ್ತೆಯಿಲ್ಲ. ಪಕ್ಕದ ಕೋಣೆಯ ಗೋಡೆಗೆ ತೇವ ಹತ್ತಿತು. ಬೇರೆ ಮೇಸ್ತ್ರಿ ಬಂದು ಎರಡು ಟೈಲ್ಸ್ ಎಬ್ಬಿಸಿದರೆ ಕೆಳಗೆ ಬರೀ ಒದ್ದೆ ಮರಳು. ವಾಟರ್‌ಪ್ರೂಫಿಂಗ್ ಸುಳಿವೇ ಇಲ್ಲ. ಅಷ್ಟರಲ್ಲಿ ಟೈಲ್ಸ್ ಅಂಗಡಿಯವರೂ ಬಾಕಿ ಕೇಳಿಕೊಂಡು ನಮ್ಮ ಬಾಗಿಲಿಗೇ ಬಂದರು.

ಬ್ಯಾಂಕಿನವರು ನೋಡುವುದು ಅವರ ದುಡ್ಡಿನ ಲೆಕ್ಕ. ಟೈಲ್ಸ್ ಕೆಳಗೆ ಏನಿದೆ ಅಂತ ನೀವೇ ನೋಡಿಸಬೇಕು. ಟೈಲ್ಸ್ ಹಾಕುವ ಮೊದಲು ಬಚ್ಚಲಿನ ನೆಲಕ್ಕೆ ನೀರು ಕಟ್ಟಿ ಕನಿಷ್ಠ 24 ಗಂಟೆ ಹಾಗೇ ಬಿಟ್ಟು, ಸೋರುತ್ತದಾ ನೋಡಿಸಿ. ಗೋಡೆ ಮುಚ್ಚುವ ಮೊದಲು ಪೈಪಿಗೆ ಪ್ರೆಶರ್ ಟೆಸ್ಟ್ (ಒತ್ತಡದಲ್ಲಿ ನೀರು ತುಂಬಿಸಿ ಸೋರುತ್ತದಾ ನೋಡುವುದು) ಮಾಡಿಸಿ, ಪೈಪು, ವೈರಿಂಗ್ ಹೋದ ದಾರಿಯ ಫೋಟೋ ತೆಗೆದಿಡಿ. ಇದಕ್ಕೆಲ್ಲ ಗೊಣಗುವವನು ಬೇಡವೇ ಬೇಡ.

ಕಾಂಟ್ರಾಕ್ಟರ್ ಲೈಸೆನ್ಸ್ ತೋರಿಸಿದರೆ ಅದನ್ನು ಕೊಟ್ಟ ಕಚೇರಿಯಲ್ಲೇ ವಿಚಾರಿಸಿ. ಕೆಲಸಗಾರರಿಗೆ ವಿಮೆ ಇದೆಯಾ ಕೇಳಿ. ಅವನು ಮಾಡಿದ ಹಳೆಯ ಕೆಲಸ ನೋಡಲೇಬೇಕು. ಮೊನ್ನೆ ಮುಗಿಸಿದ್ದು ಬೇಡ, ಒಂದೆರಡು ವರ್ಷ ಆಗಿರುವ ಮನೆ ನೋಡಿ. ಸೋರಿಕೆ ಗೊತ್ತಾಗುವುದು ಆಗಲೇ ಅಲ್ವಾ? ಆ ಮನೆಯವರ ಹತ್ತಿರ ಅವನಿಲ್ಲದಾಗ ಮಾತಾಡಿ.

ದುಡ್ಡಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಬ್ಯಾಂಕ್ ಯಾವ ಹಂತಕ್ಕೆ ಎಷ್ಟು ಬಿಡುತ್ತದೋ ಕರಾರಿನಲ್ಲೂ ಅದೇ ಹಂತಗಳು ಇರಲಿ. ಪ್ರತಿ ಸಲ ಕೊಡುವ ಮುಂಚೆ ಅಂಗಡಿಯವರಿಗೆ, ಕೂಲಿಯವರಿಗೆ ಹಣ ಸಂದಾಯವಾದ ರಸೀದಿ ಕೇಳಿ. ಒಟ್ಟು ಮೊತ್ತದಲ್ಲಿ ಶೇ 10ರಷ್ಟನ್ನಾದರೂ ಎಲ್ಲ ಮುಗಿದು ಸಣ್ಣಪುಟ್ಟ ದೋಷ ಸರಿಮಾಡುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.

ಮಧ್ಯದಲ್ಲಿ ಬಿಟ್ಟುಹೋದರೆ ಏನು ಅನ್ನುವ ಷರತ್ತು ಕರಾರಿನಲ್ಲಿ ಇದೆಯಾ ಅಂತಲೂ ನೋಡಿ. ನಮಗೀಗ ಬ್ಯಾಂಕ್ ಹೊಸ ಎಸ್ಟಿಮೇಟ್ ತನ್ನಿ ಅನ್ನುತ್ತಿದೆ. ಇನ್ನೊಬ್ಬರು ಅರ್ಧ ಮಾಡಿಟ್ಟ ಕೆಲಸಕ್ಕೆ ಕೈಹಾಕಲು ಒಳ್ಳೆಯ ಕಾಂಟ್ರಾಕ್ಟರುಗಳು ಒಪ್ಪುತ್ತಿಲ್ಲ. ಒಪ್ಪಿದವರು ಹಾಕಿದ ಟೈಲ್ಸನ್ನೆಲ್ಲ ಮೊದಲು ಕಿತ್ತುಹಾಕಬೇಕು ಎನ್ನುತ್ತಿದ್ದಾರೆ.