ಹೊಳೆಯುವ ಮುಖದ ಹಳೆ ಸುತ್ತಿಗೆಯಿಂದ ಚಾಣಕ್ಕೆ ಹೊಡೆಯಬೇಡಿ

ಗುಜರಿ ರಾಶಿಯಲ್ಲಿ ಸಿಕ್ಕಿದ ಸುತ್ತಿಗೆ ತಲೆ. ಎರಡು ಕಡೆಯೂ ವೃತ್ತಾಕಾರದ ಮುಖ, ತುಕ್ಕು ಉಜ್ಜಿದರೆ ಒಳ್ಳೆ ಹೊಳಪು. ಅದಕ್ಕೆ ಕಾವು (ಮರದ ಹಿಡಿ) ಹಾಕಿ, ಒಬ್ಬರು ಲೋಹ ಕತ್ತರಿಸುವ ಉಕ್ಕಿನ ಚಾಣಕ್ಕೆ ಹೊಡೆಯಲು ಶುರುಮಾಡಿದರು. ಒಂದು ಏಟು ಓರೆಯಾಯಿತು. ಮುಖದ ಅಂಚಿನಿಂದ ಚಕ್ಕೆ ಸಿಡಿದು ಹೊಡೆಯುತ್ತಿದ್ದವರ ಮುಂಗೈಗೆ ಹೊಕ್ಕಿತು.

ಅದು ಪ್ಲಾನಿಶಿಂಗ್ ಸುತ್ತಿಗೆ. ಒಂದು ಮುಖ ಚಪ್ಪಟೆ, ಇನ್ನೊಂದು ತುಸು ಉಬ್ಬು. ತಗಡಿನ ಏರಿಳಿತಗಳನ್ನು ಹಗುರವಾಗಿ ತಟ್ಟಿ ನಯ ಮಾಡುವುದಷ್ಟೇ ಇದರ ಕೆಲಸ. ಮುಖದ ಮೇಲಿನ ಗೀರು ತಗಡಿಗೂ ಅಚ್ಚಾಗುತ್ತದೆಂದು ಅದನ್ನು ಗಟ್ಟಿ ಹದಕ್ಕೆ ತಂದು ಪಾಲಿಶ್ ಮಾಡಿರುತ್ತಾರೆ. ಅಷ್ಟು ಗಟ್ಟಿಯಾದ ಉಕ್ಕು ಬಾಗುವುದಿಲ್ಲ, ಅಂಚಿನಲ್ಲಿ ಏಟು ಬಿದ್ದರೆ ಒಡೆಯುತ್ತದೆ. ಚಾಣಕ್ಕೆ ಬೇಕಾದದ್ದು ಬಾಲ್‌ಪೀನ್: ಒಂದು ಕಡೆ ಚಪ್ಪಟೆ ಮುಖ, ಅದರ ಅಂಚು ಸುತ್ತಲೂ ಇಳಿಜಾರು, ಇನ್ನೊಂದು ಕಡೆ ರಿವೆಟ್ ತಲೆ ಅರಳಿಸುವ ಗುಂಡು. ಮುಖದ ಅಗಲ ಚಾಣದ ತಲೆಗಿಂತ ಸುಮಾರು 10 ಮಿ.ಮೀ. ಹೆಚ್ಚಿರಲಿ.

ಅನುಮಾನವಿದ್ದರೆ ಹೊಸ ಅರದ ಮೂಲೆಯನ್ನು ಮುಖದ ಅಂಚಿಗೆ ಎಳೆದು ನೋಡಿ. ಸ್ವಲ್ಪವೂ ಕಚ್ಚದೆ ಜಾರಿದರೆ ಆ ಸುತ್ತಿಗೆಯನ್ನು ಚಾಣದ ಹತ್ತಿರ ತರಬೇಡಿ. ಕಚ್ಚಿದ ಮಾತ್ರಕ್ಕೆ ಒಳಗೆ ಬಿರುಕಿಲ್ಲ ಎಂದಲ್ಲ. ಸುತ್ತಿಗೆಗೆ ಸುತ್ತಿಗೆ ಹೊಡೆಯುವುದಂತೂ ಬೇಡವೇ ಬೇಡ, ಎರಡೂ ಗಟ್ಟಿ.

ಇದಕ್ಕಿಂತ ಹೆಚ್ಚು ಮೋಸ ಹೋಗುವುದು ಫ್ಲ್ಯಾಟರ್ ವಿಷಯದಲ್ಲಿ. ಒಂದು ಕಡೆ ಅಗಲವಾದ ಚೌಕ ಮುಖ, ಇನ್ನೊಂದು ಕಡೆ ಏಟು ತಿಂದು ಅರಳಿದ ಕಿರಿದಾದ ತಲೆ. ನೋಡಲು ಸುತ್ತಿಗೆಯೇ, ಆದರೆ ಬೀಸುವ ಸಾಮಾನಲ್ಲ. ಕಾದ ಕಬ್ಬಿಣದ ಮೇಲೆ ಇದನ್ನಿಟ್ಟು ಹಿಡಿದರೆ ಇನ್ನೊಬ್ಬರು ಸಮ್ಮಟಿಯಿಂದ ಅದರ ತಲೆಗೆ ಹೊಡೆಯುತ್ತಾರೆ. ಏಟಿನ ಅದುರು ಕೈಗೆ ಬಾರದಿರಲೆಂದು ಕಾವನ್ನು ಬೆಣೆಯಿಲ್ಲದೆ ಸಡಿಲವಾಗಿಯೇ ಸಿಕ್ಕಿಸಿರುವುದುಂಟು. ಬೀಸಿದರೆ ತಲೆ ಹಾರಿಹೋಗುತ್ತದೆ.

ಕ್ರಾಸ್‌ಪೀನ್, ಸ್ಟ್ರೇಟ್‌ಪೀನ್ ಸುತ್ತಿಗೆಗಳನ್ನು ಗುರುತಿಸುವುದು ಸುಲಭ. ಪೀನ್ ಅಂದರೆ ಚಪ್ಪಟೆ ಮುಖದ ಎದುರು ತುದಿ; ಅದರ ಏಣು ಕಾವಿಗೆ ಅಡ್ಡ ಇದ್ದರೆ ಕ್ರಾಸ್, ಕಾವಿನ ಗುಂಟ ಇದ್ದರೆ ಸ್ಟ್ರೇಟ್. ಲೋಹ ಹರಡುವುದು ಏಣಿನ ಎರಡು ಪಕ್ಕಕ್ಕೆ.

ಮುಖದಲ್ಲಿ ಬಿರುಕು ಅಥವಾ ಚಕ್ಕೆ ಹೋದ ಗುರುತು ಕಂಡರೆ ಗ್ರೈಂಡರ್‌ನಿಂದ ಸರಿಮಾಡುವ ಆಸೆ ಬಿಟ್ಟು ಗುಜರಿಗೇ ಹಾಕಿ. ಉಜ್ಜುವಾಗ ಉಕ್ಕು ನೀಲಿಗೆ ತಿರುಗಿದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹದ ಇಳಿದಿರುತ್ತದೆ, ಬಿರುಕು ಮಾತ್ರ ಒಳಗೆ ಹಾಗೇ ಉಳಿದಿರಬಹುದು. ಸಡಿಲವಾದ ಕಾವನ್ನು ನೀರಲ್ಲಿ ನೆನೆಸಿ ಬಿಗಿ ಮಾಡಿದ್ದಾರೆಯೇ ಎಂದೂ ನೋಡಿ. ಮರ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ.