ಹುಯೆಗೆ ಹೋಗೋರು ದೋಣಿ ಪ್ಯಾಕೇಜ್, ಸೈಕ್ಲೋ (ಅಲ್ಲಿನ ಸೈಕಲ್ ರಿಕ್ಷಾ) ವಿಷ್ಯದಲ್ಲಿ ಹುಷಾರು

ವಿಯೆಟ್ನಾಂಗೆ ಹೋಗೋ ನಮ್ಮವರು ಈಗ ಜಾಸ್ತಿ ಆಗಿದಾರೆ, ಡಾ ನಾಂಗ್ ತನಕ ಹೋದೋರು ಹಂಗೇ ಹುಯೆನೂ ಸೇರಿಸ್ಕೊಳ್ತಾರೆ, ಅದಕ್ಕೇ ಇದನ್ನ ಹಾಕ್ತಿದೀನಿ. ಊರು ತುಂಬಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ವಿ. ಹೋಟೆಲ್ ಪಕ್ಕದ ಒಂದು ಟೂರ್ ಆಫೀಸಲ್ಲಿ ಡ್ರ್ಯಾಗನ್ ದೋಣಿ, ತಿಯೆನ್ ಮು ಪಗೋಡ, ಮಿನ್ ಮಾಂಗ್ ರಾಜನ ಸಮಾಧಿ, ಅರಮನೆ ಕೋಟೆ, ವೆಜ್ ಊಟ, ಎಲ್ಲಾ ಸೇರಿ ಒಂದೇ ರೇಟು ಅಂದ್ರು. ದೋಣಿ ಹೊರಟ ಮೇಲೆ ಒಂದೊಂದೇ ಬಿಚ್ಕೊಳ್ತು. ಸಮಾಧಿ ಟಿಕೆಟ್ ಸೇರಿಲ್ವಂತೆ, ನಾವು ಹೋದಾಗ ಅದೇ ತಲೆಗೆ 1.5 ಲಕ್ಷ ಡಾಂಗ್ ಇತ್ತು, ಅಂದ್ರೆ ಸುಮಾರು 500 ರೂಪಾಯಿ. ದಡಕ್ಕೆ ಇಳಿದ್ರೆ ಅಲ್ಲಿಂದ ಸಮಾಧಿಗೆ ನಡೀಬೇಕು, ಅಮ್ಮಂಗೆ ಮೊದ್ಲೇ ಮಂಡಿನೋವು, ಬೈಕ್‌ನೋರು ಅದನ್ನೇ ಕಾಯ್ತಾ ನಿಂತಿರ್ತಾರೆ, ಅವ್ರು ಹೇಳಿದ್ದೇ ರೇಟು. ವೆಜ್ ಊಟ ಅಂತ ಬಂದ ತಟ್ಟೇಲಿ ಮೀನಿನ ಸಾಸ್ ಘಮ್ ಅಂತಿತ್ತು, ಅಪ್ಪ ಬಾಳೆಹಣ್ಣು ತಿಂದು ಸುಮ್ನಾದ್ರು. (ಹುಯೆ ಬೌದ್ಧರ ಊರು, 'ಚಾಯ್' ಅಂತ ಬೋರ್ಡ್ ಇರೋ ಅಪ್ಪಟ ಸಸ್ಯಾಹಾರಿ ಹೋಟೆಲ್‌ಗಳು ಬೇಕಾದಷ್ಟಿವೆ, ಊಟ ಅಲ್ಲೇ ಮಾಡಿ.)

ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಟೈಮ್‌ಗೆ. ದೋಣಿ ಆಮೆ ಥರ ಹೋಗುತ್ತೆ, ದಾರಿ ಉದ್ದಕ್ಕೂ ರೇಷ್ಮೆ ಬಟ್ಟೆ, ಬೀಸಣಿಗೆ ಹರವಿ ತಗೊಳ್ಳಿ ತಗೊಳ್ಳಿ ಅಂತಾರೆ, ಕೊನೆಗೆ ಕೋಟೆಗೆ ಬಂದಾಗ ಗೈಡು ಬೇಗ ಬೇಗ ಅಂತ ಓಡಿಸ್ದ. ಅಲ್ಲಿ ಅರ್ಧ ದಿನ ಬೇಕ್ರೀ! 1802ರಿಂದ 1945ರ ತನಕ ನ್ಯೂಯೆನ್ ರಾಜರ ರಾಜಧಾನಿ ಅದು. ಸಿಂಹಾಸನದ ಥಾಯ್ ಹೋವಾ ಅರಮನೆ ದಾಟಿ ಹಿಂದೆ ಹೋದ್ರೆ ರಾಜರ ಮನೆತನ ಇದ್ದ ಜಾಗದಲ್ಲಿ ಬಹುಪಾಲು ಬರೀ ಹುಲ್ಲು, ಅಡಿಪಾಯದ ಕಲ್ಲು. 1947ರಲ್ಲಿ ಸುಟ್ಟಿದ್ದು ಒಂದಷ್ಟು, ವಿಯೆಟ್ನಾಂ ಯುದ್ಧದಲ್ಲಿ, 1968ರ ಟೆಟ್ ಹಬ್ಬದ (ಅವರ ಹೊಸ ವರ್ಷ) ಹೊತ್ತಿಗೆ ಶುರುವಾಗಿ ಮೂರು ವಾರಕ್ಕೂ ಮೇಲೆ ನಡೆದ ಕದನದಲ್ಲಿ ಹೋಗಿದ್ದು ಇನ್ನೊಂದಷ್ಟು. ಗೋಡೆಗಳಲ್ಲಿ ಗುಂಡಿನ ತೂತು ಈಗ್ಲೂ ಇವೆ, ಅಪ್ಪ ಒಂದ್ರೊಳಗೆ ಬೆರಳಿಟ್ಟು ನೋಡ್ತಿದ್ರು, ಅಷ್ಟ್ರಲ್ಲಿ ಗೈಡು ಬಾವುಟ ಎತ್ಕೊಂಡು ಹೊರಟೇಬಿಟ್ಟ. ಅಲ್ಲೇ ಹಿಂದೆ ಕಿಯೆನ್ ಟ್ರುಂಗ್ ಅರಮನೆನ ಮತ್ತೆ ಕಟ್ಟಿ 2024ರಲ್ಲಿ ತೆರೆದಿದಾರೆ, ಅದನ್ನ ದೂರದಿಂದ್ಲೇ ನೋಡಿ ಬಂದ್ವಿ.

ಇನ್ನು ಸೈಕ್ಲೋ. ಗೇಟ್ ಹೊರಗೆ ಅಪ್ಪ ಅಮ್ಮಂಗೆ ಒಂದೊಂದು ಮಾಡಿದ್ವಿ, 'ಒನ್ ಫಿಫ್ಟಿ' ಅಂದ, ಎರಡಕ್ಕೂ ಸೇರಿ 1.5 ಲಕ್ಷ ತಾನೇ ಅಂತ ಕೇಳಿದ್ದಕ್ಕೆ ನಗ್ತಾ ಎಸ್ ಎಸ್ ಅಂದ. ಒಂದು ಗಂಟೆ ಸುತ್ತಿಸಿ ಇಳಿಸೋವಾಗ ಜೇಬಿಂದ ಲ್ಯಾಮಿನೇಟ್ ಮಾಡಿದ ಕಾರ್ಡ್ ತೆಗ್ದ, ಒಬ್ಬರಿಗೆ ಅರ್ಧ ಗಂಟೆಗೆ ಅಂತೆ ಆ ರೇಟು! ಲೆಕ್ಕ 6 ಲಕ್ಷಕ್ಕೆ ಬಂತು, ಹತ್ತಿರತ್ರ 2000 ರೂಪಾಯಿ. ಜಗಳ ನಡೀತಿದ್ದಾಗ ಇನ್ನೊಬ್ಬ ಬಂದು ಸಹಾಯ ಮಾಡೋನ ಥರ ನಮ್ಮೆಜಮಾನ್ರ ಪರ್ಸಿಂದ ತಾನೇ ನೋಟು ಎಣಿಸ್ಕೊಂಡ, ರೂಮಿಗೆ ಬಂದು ನೋಡಿದ್ರೆ ಇನ್ನೊಂದು 5 ಲಕ್ಷದ ನೋಟೂ ಇಲ್ಲ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖನೇ, ಗಡಿಬಿಡೀಲಿ ಗೊತ್ತೇ ಆಗಲ್ಲ. ಈ ಎರಡು ನೋಟನ್ನ ಬೇರೆ ಬೇರೆ ಖಾನೇಲಿ ಇಡಿ, ಪರ್ಸು ಯಾರ ಕೈಗೂ ಕೊಡ್ಬೇಡಿ.

ಸೈಕ್ಲೋ ಹತ್ತೋ ಮೊದ್ಲು ಒಟ್ಟು ಮೊತ್ತನ ಎಲ್ಲಾ ಸೊನ್ನೆ ಸಮೇತ ಮೊಬೈಲಲ್ಲಿ ಟೈಪ್ ಮಾಡಿಸಿ, ಎಷ್ಟು ಜನ ಎಷ್ಟು ಹೊತ್ತು ಅನ್ನೋದೂ ಅದ್ರಲ್ಲೇ ಇರ್ಲಿ. ದೋಣಿ ಬೇಕೇ ಬೇಕು ಅಂದ್ರೆ ತಿಯೆನ್ ಮು ತನಕ ಹೋಗಿ ಬನ್ನಿ, ಸಾಕು. ಸಮಾಧಿಗಳಿಗೆ ಗ್ರ್ಯಾಬ್ (ನಮ್ಮ ಓಲಾ, ಊಬರ್ ಥರದ ಆ್ಯಪ್) ಕಾರೇ ಆರಾಮ, ಕೋಟೆ ಮತ್ತೆ ಸಮಾಧಿಗಳಿಗೆ ಸೇರಿಸಿ ಕೊಡೋ ಟಿಕೆಟ್ ಕೌಂಟರಲ್ಲೇ ಸಿಗುತ್ತೆ. ಖಾಯ್ ದಿನ್ ರಾಜನ ಸಮಾಧೀಲಿ 127 ಮೆಟ್ಲು ಇದೆ, ವಯಸ್ಸಾದವ್ರು ಜೊತೇಲಿದ್ರೆ ಅದನ್ನ ಬಿಸಿಲೇರೋ ಮುಂಚೆ ಮುಗಿಸ್ಕೊಳ್ಳಿ.